ಒಂದು ಎಸೆತಕ್ಕೆ 49 ಲಕ್ಷ, ಒಂದು ಅಧ್ಯಕ್ಷಗಿರಿಗೆ 749 ಮತ

ಟಿ20 ಪಂದ್ಯವೊಂದರಲ್ಲಿ ಎರಡೂ ಕಡೆ ಸೇರಿ 240 ಎಸೆತ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು ಹರಾಜಾಗಿದ್ದು 48,390 ಕೋಟಿ ರೂಪಾಯಿಗೆ. ಲೆಕ್ಕಕ್ಕೆ ಹಿಡಿದ ಪಂದ್ಯಗಳು 410. ಭಾಗಿಸಿದರೆ ಪಂದ್ಯವೊಂದಕ್ಕೆ 118 ಕೋಟಿ. ಮತ್ತೆ ಭಾಗಿಸಿದರೆ ಎಸೆತವೊಂದಕ್ಕೆ 49 ಲಕ್ಷ ರೂಪಾಯಿ. ಚೆಂಡು ಗ್ಯಾಲರಿಗೆ ಹಾರಿದರೂ ಅಷ್ಟೇ, ಸುಮ್ಮನೆ ಕೀಪರ್ ಕೈ ಸೇರಿದರೂ ಅಷ್ಟೇ. ಇದು ಟಿಕೆಟ್ ಮಾರಾಟ ಸೇರದ, ಪ್ರಾಯೋಜಕರ ದುಡ್ಡು ಸೇರದ, ಬರೀ ತೋರಿಸುವ ಹಕ್ಕಿನ ಬೆಲೆ.

49 ಲಕ್ಷವನ್ನು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿಗೆ ತಂದು ಅಳೆಯೋಣ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಹೊಳವನಹಳ್ಳಿಯ ಒಂದು ಕುಟುಂಬ ಖಾತ್ರಿಯ ನೂರಕ್ಕೆ ನೂರು ದಿನವೂ ಬದು ಕಟ್ಟಿ, ಕೆರೆ ಹೂಳೆತ್ತಿದರೆ ವರ್ಷಕ್ಕೆ 37,000. ಆ ಒಂದು ಎಸೆತದ ದುಡ್ಡು ದುಡಿಯಲು ಅದೇ ಮನೆಗೆ ಸುಮಾರು 133 ವರ್ಷ ಬೇಕು. ಅಜ್ಜ ಶುರು ಮಾಡಿದ ಕೆಲಸವನ್ನು ಮರಿಮಗನೂ ಮುಗಿಸಲಾರ.

ಕ್ರಿಕೆಟ್‌ಗೆ ಬೇಡಿಕೆ ಇದೆ, ದುಡ್ಡು ಬರುತ್ತದೆ, ಅದರಲ್ಲೇನು ತಪ್ಪು ಎಂದು ಕೇಳಬಹುದು. ತಪ್ಪೇನಿಲ್ಲ. ಅಚ್ಚರಿ ಇರುವುದು ಪಕ್ಕದ ಕಾಲಂನಲ್ಲಿ. ಕೇಂದ್ರ ಸರ್ಕಾರದ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯಕ್ಕೆ 2025-26ರ ಬಜೆಟ್‌ನಲ್ಲಿ ಸಿಕ್ಕಿದ್ದು 3,794 ಕೋಟಿ. ಐಪಿಎಲ್ ಪ್ರಸಾರ ಹಕ್ಕಿನ ಒಂದು ವರ್ಷದ ಪಾಲು ಸುಮಾರು 9,678 ಕೋಟಿ, ಅಂದರೆ ಆ ಇಡೀ ಸಚಿವಾಲಯದ ಬಜೆಟ್ಟಿನ ಎರಡೂವರೆ ಪಟ್ಟು. ಹಾಕಿ, ಕುಸ್ತಿ, ಕಬಡ್ಡಿ, ಬಿಲ್ಲುಗಾರಿಕೆ, ಅಥ್ಲೆಟಿಕ್ಸ್ ಮುಂತಾದ ಎಲ್ಲ ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳಿಗೆ ಆ ಬಜೆಟ್ ಇಟ್ಟ ನೆರವು 400 ಕೋಟಿ. ಒಂದು ಶನಿವಾರ-ಭಾನುವಾರದ ನಾಲ್ಕು ಐಪಿಎಲ್ ಪಂದ್ಯಗಳಲ್ಲಿ ನಾಲ್ಕನೆಯದರ ಮೊದಲ ಇನಿಂಗ್ಸ್ ಮುಗಿಯುವ ಹೊತ್ತಿಗೆ ಆ 400 ಕೋಟಿ ದಾಟಿಹೋಗಿರುತ್ತದೆ.

ಇಷ್ಟು ದುಡ್ಡಿನ ಯಜಮಾನಿಕೆ ಕಾನೂನಿನ ಕಣ್ಣಲ್ಲಿ ಯಾರದು? ಕಂಪನಿಯೂ ಅಲ್ಲ, ಸರ್ಕಾರಿ ನಿಗಮವೂ ಅಲ್ಲ. 1928ರಲ್ಲಿ ಹುಟ್ಟಿದ ಬಿಸಿಸಿಐ ತಮಿಳುನಾಡಿನ ಸಂಘಗಳ ನೋಂದಣಿ ಕಾಯ್ದೆಯಡಿ ಇರುವ ಒಂದು ಸಂಘ. ನಮ್ಮ ಕಡೆ ಯುವಕ ಸಂಘ, ಮಹಿಳಾ ಮಂಡಳಿ, ಗಣೇಶೋತ್ಸವ ಸಮಿತಿಗಳು ನೋಂದಣಿಯಾಗುವುದೂ ಇಂಥದೇ ಕಾಯ್ದೆಯಲ್ಲಿ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸಹಿ ಹಾಕಿ, ಬೈಲಾ ಬರೆದು, ಶುಲ್ಕ ಕಟ್ಟಿದರೆ ಸಂಘ ಹುಟ್ಟುತ್ತದೆ. ಸಹಿ ಏಳೇ ಸಾಕು. ಆ ಸಂಘ ಮುಂದೆ ಊರಿನ ಭಜನೆ ನಡೆಸುತ್ತದೋ, 140 ಕೋಟಿ ಜನರ ದೇಶದ ಹೆಸರಿನಲ್ಲಿ ಹನ್ನೊಂದು ಜನರನ್ನು ಮೈದಾನಕ್ಕಿಳಿಸುತ್ತದೋ, ಕಾಯ್ದೆ ಕೇಳುವುದಿಲ್ಲ.

ಈ ಸಂಘ ಸರ್ಕಾರದ ಅಂಗವೋ ಅಲ್ಲವೋ ಎಂಬ ಪ್ರಶ್ನೆ 2005ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ಬಂತು. ಮೂವರು ಅಲ್ಲ ಎಂದರು, ಇಬ್ಬರು ಹೌದು ಎಂದರು. ಒಬ್ಬರ ಅಂತರದಲ್ಲಿ ಬಿಸಿಸಿಐ ಖಾಸಗಿಯಾಗಿ ಉಳಿಯಿತು. ಹತ್ತು ವರ್ಷ ಕಳೆದು, 2015ರಲ್ಲಿ ಅದೇ ಕೋರ್ಟು ಬಿಹಾರ ಕ್ರಿಕೆಟ್ ಸಂಘದ ಪ್ರಕರಣದಲ್ಲಿ ಬಿಸಿಸಿಐ ಮಾಡುತ್ತಿರುವುದು ಸಾರ್ವಜನಿಕ ಕೆಲಸ, ಆದ್ದರಿಂದ ಹೈಕೋರ್ಟುಗಳ ರಿಟ್ ಅಧಿಕಾರಕ್ಕೆ ಒಳಪಡಬೇಕು ಎಂದಿತು. ಆ ಬಿಹಾರದ ಕಥೆಯಲ್ಲೇ ಒಂದು ಲೆಕ್ಕವಿದೆ. 2000ದಲ್ಲಿ ರಾಜ್ಯ ಇಬ್ಭಾಗವಾದಾಗ ಕ್ರಿಕೆಟ್ ಮಾನ್ಯತೆ ಜಾರ್ಖಂಡಿನ ಪಾಲಾಯಿತು. 2011ರ ಜನಗಣತಿಯಲ್ಲಿ 10 ಕೋಟಿ ದಾಟಿದ ಬಿಹಾರಕ್ಕೆ ಬಿಸಿಸಿಐ ಸಭೆಯಲ್ಲಿ ಆಗ ಇದ್ದದ್ದು ಸೊನ್ನೆ ಮತ. ಮಹಾರಾಷ್ಟ್ರಕ್ಕೆ ಮುಂಬೈ, ವಿದರ್ಭ, ಮಹಾರಾಷ್ಟ್ರ ಎಂದು ಮೂರು. ಗುಜರಾತಿಗೆ ಬರೋಡಾ, ಸೌರಾಷ್ಟ್ರ, ಗುಜರಾತ್ ಎಂದು ಮೂರು. ಕೋಲ್ಕತ್ತದ ನ್ಯಾಷನಲ್ ಕ್ರಿಕೆಟ್ ಕ್ಲಬ್ ಎಂಬ ಒಂದೇ ಕ್ಲಬ್ಬಿಗೆ ಒಂದು. ಹತ್ತು ಕೋಟಿ ಜನಕ್ಕಿಂತ ಒಂದು ಕ್ಲಬ್ಬಿನ ಮಾತಿಗೆ ತೂಕ ಹೆಚ್ಚಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಲೋಧಾ ಸಮಿತಿ ವರದಿ ಕೊಟ್ಟ ಮೇಲೆ 2018ರಲ್ಲಿ ಬಿಹಾರದ ಹುಡುಗರು ಮತ್ತೆ ರಣಜಿ ಆಡಿದರು. ಅಷ್ಟರಲ್ಲಿ ಒಂದಿಡೀ ತಲೆಮಾರಿನ ಆಟದ ವಯಸ್ಸು ಮುಗಿದಿತ್ತು.

ಮತದ ವಿಷಯ ಬಂದಾಗ ನಮ್ಮದೇ ಮನೆ ನೋಡಿಕೊಳ್ಳೋಣ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ 1933ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯಾಗಿ ಶುರುವಾಯಿತು. 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷಗಿರಿಗೆ ನಡೆದ ಚುನಾವಣೆಯಲ್ಲಿ ಭಾರತದ ಮಾಜಿ ವೇಗಿ ವೆಂಕಟೇಶ್ ಪ್ರಸಾದ್ ಅವರಿಗೆ 749 ಮತ, ಎದುರಾಳಿ ಕೆ.ಎನ್. ಶಾಂತಕುಮಾರ್ ಅವರಿಗೆ 558 ಮತ ಬಂದವು. ಕೂಡಿದರೆ 1,307. ಆರು ಕೋಟಿಗೂ ಹೆಚ್ಚು ಜನರ ರಾಜ್ಯದ ಕ್ರಿಕೆಟ್ ಯಾರ ಕೈಗೆ ಎಂಬುದು 1,307 ಮತಗಳಲ್ಲಿ ತೀರ್ಮಾನವಾಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಕೊರಟಗೆರೆಯಿಂದ ಡಾ. ಜಿ. ಪರಮೇಶ್ವರ್ ಗೆದ್ದ ಅಂತರವೇ 14 ಸಾವಿರ ಮತಗಳಿಗೂ ಹೆಚ್ಚು. ಒಂದು ಕ್ಷೇತ್ರದ ಗೆಲುವಿನ ಅಂತರದೊಳಗೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಇಡೀ ಚುನಾವಣೆ ಹತ್ತು ಸಲ ಹಿಡಿಸುತ್ತದೆ. ನಮ್ಮ ಪಂಚಾಯತ್ ಕಾಯ್ದೆಯಲ್ಲಿ ಪ್ರತಿ 400 ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಸಾಧಾರಣ ಪಂಚಾಯಿತಿಯೊಂದರ ಮತದಾರರ ಪಟ್ಟಿಯೂ 1,307ಕ್ಕಿಂತ ದಪ್ಪ.

ಆದರೂ ಇಲ್ಲಿ ಮತದಾರರು ಸಾವಿರ ದಾಟಿದ್ದರು, ಮಾಜಿ ಆಟಗಾರರೊಬ್ಬರು ಗೆದ್ದರು. ಬೇರೆ ಆಟಗಳ ಅಂಕಿ ಇನ್ನೂ ಚಿಕ್ಕದು. 2022ರ ಸೆಪ್ಟೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಧ್ಯಕ್ಷ ಸ್ಥಾನಕ್ಕೆ ಬಿದ್ದ ಮತ 34. ಕಲ್ಯಾಣ್ ಚೌಬೆ ಅವರಿಗೆ 33, ಭಾರತ ತಂಡದ ನಾಯಕರಾಗಿದ್ದ ಬೈಚುಂಗ್ ಭುಟಿಯಾ ಅವರಿಗೆ 1. ರಾಜ್ಯ ಸಂಘಗಳ 36 ಪ್ರತಿನಿಧಿಗಳ ಜೊತೆ 36 ಮಾಜಿ ಆಟಗಾರರಿಗೂ ಮತ ಕೊಡಬೇಕೆಂಬ ಏರ್ಪಾಡು ಅದಕ್ಕೆ ಕೆಲವೇ ವಾರ ಮೊದಲು ಆಗಿತ್ತು. ಫಿಫಾ ಒಪ್ಪಲಿಲ್ಲ, ಕೈಬಿಡಬೇಕಾಯಿತು. 2023ರ ಡಿಸೆಂಬರ್ 21ರಂದು ಕುಸ್ತಿ ಫೆಡರೇಷನ್ ಅಧ್ಯಕ್ಷರ ಆಯ್ಕೆಯಾದದ್ದು 40-7ರಲ್ಲಿ. ಅಂದೇ ಒಲಿಂಪಿಕ್ ಪದಕ ವಿಜೇತೆ ಸಾಕ್ಷಿ ಮಲಿಕ್ ತಮ್ಮ ಬೂಟುಗಳನ್ನು ಪತ್ರಕರ್ತರ ಮುಂದಿನ ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟರು. ದೇಶದುದ್ದಕ್ಕೂ ಅಖಾಡಗಳಿವೆ, ಮಣ್ಣು ಹೊತ್ತ ಲಕ್ಷಾಂತರ ಮೈಗಳಿವೆ. ತೀರ್ಮಾನ 47 ಕೈಗಳದ್ದು.

ಇದು ಭಾರತದ್ದೊಂದೇ ರೋಗವೂ ಅಲ್ಲ. ವಿಶ್ವಸಂಸ್ಥೆಯಲ್ಲಿ 193 ದೇಶಗಳಿದ್ದರೆ ಫಿಫಾದಲ್ಲಿ ಸದಸ್ಯರು 211. ಐದು ಸಾವಿರಕ್ಕೂ ಕಡಿಮೆ ಜನರಿರುವ ಕೆರಿಬಿಯನ್ ದ್ವೀಪ ಮೊಂಟ್ಸೆರಾಟ್‌ಗೂ ಅಲ್ಲಿ ಒಂದು ಮತ, ಭಾರತಕ್ಕೂ ಒಂದೇ. 2022ರ ವಿಶ್ವಕಪ್ ಕತಾರ್‌ಗೆ ಹೋದದ್ದು 2010ರಲ್ಲಿ ಒಂದು ಕೋಣೆಯಲ್ಲಿ ಕುಳಿತ 22 ಜನ 14-8ರಲ್ಲಿ ಹಾಕಿದ ಮತದಿಂದ. 1974ರಿಂದ 2015ರವರೆಗಿನ 41 ವರ್ಷಗಳಲ್ಲಿ ಫಿಫಾ ಕಂಡ ಅಧ್ಯಕ್ಷರು ಇಬ್ಬರೇ, ಹ್ಯಾವಲಾಂಜ್ ಮತ್ತು ಬ್ಲಾಟರ್. 1894ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ 2025ರಲ್ಲಿ ಬಂದ ಕರ್ಸ್ಟಿ ಕವೆಂಟ್ರಿ ಹತ್ತನೆಯ ಅಧ್ಯಕ್ಷೆ. ನಮ್ಮಲ್ಲಿ ವಿಜಯ್ ಕುಮಾರ್ ಮಲ್ಹೋತ್ರಾ 1973ರಿಂದ ಸುಮಾರು ನಾಲ್ಕು ದಶಕ ಬಿಲ್ಲುಗಾರಿಕೆ ಸಂಘದ ಅಧ್ಯಕ್ಷರಾಗಿದ್ದರು. ಅಷ್ಟು ಕಾಲ ಬಿಲ್ಲಿನ ಹೆದೆಗೆ ಕೈ ಹಾಕಿದ ಆಟಗಾರ ಭೂಮಿಯ ಮೇಲೆ ಇದ್ದಾನೆಯೇ?

ಇನ್ನು ಕೆಳಗಿನಿಂದ ಮೇಲಕ್ಕೆ ನೋಡೋಣ. ಕೊರಟಗೆರೆ ತಾಲ್ಲೂಕಿನಲ್ಲಿ ಕಸಬಾ, ಹೊಳವನಹಳ್ಳಿ, ಚನ್ನರಾಯನದುರ್ಗ, ಕೋಳಾಲ ಎಂದು ನಾಲ್ಕು ಹೋಬಳಿ. ಕೋಳಾಲದ ಕಡೆಯ ಒಂದು ಹುಡುಗಿ ನೂರು ಮೀಟರ್ ಓಟದಲ್ಲಿ ಚುರುಕಾಗಿದ್ದಾಳೆ ಎಂದುಕೊಳ್ಳಿ. ಶಾಲೆಯಲ್ಲಿ ಗೆದ್ದರೆ ಕ್ಲಸ್ಟರ್, ಅಲ್ಲಿ ಗೆದ್ದರೆ ಹೋಬಳಿ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ರಾಷ್ಟ್ರ. ಎಂಟು ಮೆಟ್ಟಿಲು. ಪ್ರತಿ ಹಂತದಲ್ಲೂ ಮೊದಲ ಇಬ್ಬರಷ್ಟೇ ಮುಂದಕ್ಕೆ ಎಂದಿಟ್ಟುಕೊಂಡರೆ ತಾಲ್ಲೂಕಿನಲ್ಲಿ ನಾಲ್ಕು ಹೋಬಳಿಯ ಎಂಟು ಜನ, ಜಿಲ್ಲೆಯಲ್ಲಿ ನಾಲ್ಕು ತಾಲ್ಲೂಕಿನ ಎಂಟು ಜನ, ರಾಜ್ಯದಲ್ಲಿ ನಾಲ್ಕು ವಿಭಾಗದ ಎಂಟು ಜನ. ಪ್ರತಿ ಸಲವೂ ಆರು ಮಕ್ಕಳು ಮನೆಗೆ.

ಇಲ್ಲಿ 'ಜಿಲ್ಲೆ' ಎಂದದ್ದು ತುಮಕೂರಲ್ಲ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕರ್ನಾಟಕದಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಹೀಗಾಗಿ ಶಾಲಾ ಕ್ರೀಡಾಕೂಟಕ್ಕೆ ಆ ಹುಡುಗಿ ಉತ್ತರಕ್ಕೆ, ಮಧುಗಿರಿಯ ಬಸ್ಸು ಹತ್ತಬೇಕು. ದಸರಾ ಕ್ರೀಡಾಕೂಟವಾದರೆ ಅದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು, ಆಗ ಅವಳ ಜಿಲ್ಲೆ ತುಮಕೂರು, ದಕ್ಷಿಣದ ಬಸ್ಸು. ಅವಳ ಅಣ್ಣ ಕ್ರಿಕೆಟ್ ಆಡಿದರೆ ಅವನು ರಾಜ್ಯ ಕ್ರಿಕೆಟ್ ಸಂಸ್ಥೆಯ ತುಮಕೂರು ವಲಯದವನು, ಅದರ ಗಡಿ ಇವೆರಡಕ್ಕೂ ಸೇರಿದ್ದಲ್ಲ. ಒಂದೇ ಮನೆಗೆ ಆಟದ ಭೂಪಟದಲ್ಲಿ ಮೂರು ವಿಳಾಸ. ಸಂವಿಧಾನದಲ್ಲಿ ಕ್ರೀಡೆ ರಾಜ್ಯಪಟ್ಟಿಯ 33ನೆಯ ಬಾಬ್ತು, ನಾಟಕ, ಸಿನಿಮಾ, ಮನರಂಜನೆಯ ಜೊತೆ ಒಂದೇ ಸಾಲಿನಲ್ಲಿ ಕೂತಿದೆ. ಹಣ ಮತ್ತು ಮಾನ್ಯತೆ ದೆಹಲಿಯದು, ನಿಯಮ ಒಲಿಂಪಿಕ್ ಸಮಿತಿಯ ಲೌಸಾನ್ ಅಥವಾ ಫಿಫಾದ ಜ್ಯೂರಿಕ್‌ನದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು ಮಾತ್ರ ಹೋಬಳಿಯ ಪಿ.ಟಿ. ಮೇಷ್ಟ್ರು.

ಆ ಗೆರೆಯನ್ನೇ ಹತ್ತಿರದಿಂದ ನೋಡಬೇಕು. ಹಿಂದಿನ ಸಂಜೆ ಹಗ್ಗ ಹಿಡಿದು, ಡಬ್ಬದಿಂದ ಸುಣ್ಣ ಉದುರಿಸಿ ಎಳೆದ ಪಟ್ಟಿ. ನಿಯಮದ ಪುಸ್ತಕದಲ್ಲಿ ಪಟ್ಟಿಯ ಅಗಲ 1.22 ಮೀಟರ್. ರಾತ್ರಿ ಒಂದು ಹನಿ ಮಳೆ ಬಿದ್ದರೆ, ಬೆಳಿಗ್ಗೆ ಒಂದು ಎಮ್ಮೆ ಅಡ್ಡ ಹಾದರೆ ಅಗಲ ಬೇರೆ. ಎದೆಗೆ ಪಿನ್ನು ಚುಚ್ಚಿದ ಚೆಸ್ಟ್ ನಂಬರು, ಬರಿಗಾಲು, ಸೀಟಿ. ಗುರಿಯ ಬಳಿ ನಿಂತವರ ಹೆಬ್ಬೆರಳಿನಲ್ಲಿ ಸ್ಟಾಪ್‌ವಾಚ್. ನೂರು ಮೀಟರ್‌ಗೆ ಕೈಗಡಿಯಾರದ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವುದು ರೂಢಿ. ವೇಗದ ಓಟದಲ್ಲಿ ಅಷ್ಟು ಹೊತ್ತಿಗೆ ಎರಡು ಮೀಟರ್ ನೆಲ ಹಿಂದೆ ಸರಿದಿರುತ್ತದೆ. ಎಂಟು ಪಟ್ಟಿಯ 400 ಮೀಟರ್ ಟ್ರ್ಯಾಕಿಗೆ ಬೇಕಾದ ಜಾಗ ಸುಮಾರು ನಾಲ್ಕು ಎಕರೆ. ತುಮಕೂರು ಬಳಿಯ ಸೋರೆಕುಂಟೆಯಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣಕ್ಕೆ 2024ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾಯಿತು. ಜಾಗ ಸುಮಾರು 40 ಎಕರೆ. ಹತ್ತು ಟ್ರ್ಯಾಕುಗಳ ನೆಲ. ಜಿಲ್ಲೆಯ ತಾಲ್ಲೂಕುಗಳೂ ಹತ್ತೇ.

ಅದೇ ಹುಡುಗಿ ಎಂಟು ಮೆಟ್ಟಿಲು ಹತ್ತಿಯೇಬಿಟ್ಟಳು ಎನ್ನಿ. ಈಗ ಅವಳ ಮೇಲೆ ಬೀಳುವ ಅಳತೆಗೋಲು ನೋಡಿ. ಸ್ಟಾರ್ಟರ್‌ನ ಗುಂಡಿನ ಸದ್ದಾದ ಮೇಲೆ 0.100 ಸೆಕೆಂಡಿಗಿಂತ ಬೇಗ ಕಾಲು ಮಿಡಿದರೆ ಅದು ತಪ್ಪು ಆರಂಭ, ಮೊದಲ ತಪ್ಪಿಗೇ ಹೊರಗೆ. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಹರ್ಡಲ್ಸ್ ಓಟಗಾರ ಡೆವನ್ ಆ್ಯಲನ್ 0.099ಕ್ಕೆ ಮಿಡಿದರು. ಸೆಕೆಂಡಿನ ಸಾವಿರದಲ್ಲೊಂದು ಭಾಗ ಅವರನ್ನು ಸ್ವಂತ ದೇಶದ ಜನರೆದುರು ಫೈನಲ್‌ನಿಂದ ಹೊರಗೆ ಕಳಿಸಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ 50 ಕೆಜಿ ವಿಭಾಗದ ಫೈನಲ್ ದಿನ ವಿನೇಶ್ ಫೋಗಟ್ ಅವರ ತೂಕ 100 ಗ್ರಾಂ ಹೆಚ್ಚಿತ್ತು. ಐನೂರರಲ್ಲಿ ಒಂದು ಪಾಲು. ಬೆಳ್ಳಿ ಪದಕವೂ ಉಳಿಯಲಿಲ್ಲ.

ಉದ್ದೀಪನ ಮದ್ದಿನ ಪರೀಕ್ಷೆಯ ಸೂಕ್ಷ್ಮವಂತೂ ನಂಬುವಂಥದಲ್ಲ. ಅಧಿಕಾರಿಯ ಕಣ್ಣೆದುರೇ ಕನಿಷ್ಠ 90 ಮಿ.ಲೀ. ಮೂತ್ರ ಕೊಡಬೇಕು. ಸಂಖ್ಯೆ ಕೊರೆದ ಎರಡು ಗಾಜಿನ ಬಾಟಲಿಗಳನ್ನು ಆಟಗಾರ್ತಿಯೇ ಆರಿಸಿ, 'ಎ' ಬಾಟಲಿಗೆ 60, 'ಬಿ' ಬಾಟಲಿಗೆ 30 ಮಿ.ಲೀ. ತಾನೇ ಸುರಿಯಬೇಕು. ಮುಚ್ಚಳ ತಿರುಗಿಸಿದರೆ ಟಕಟಕ ಎಂದು ಬಿಗಿದುಕೊಳ್ಳುತ್ತದೆ, ಒಡೆಯದೆ ಮತ್ತೆ ತೆರೆಯಲಾಗದು. 2010ರ ಟೂರ್ ಡಿ ಫ್ರಾನ್ಸ್ ಗೆದ್ದ ಸೈಕಲ್ ಸವಾರ ಆಲ್ಬರ್ಟೊ ಕೊಂಟಾಡೋರ್ ಮಾದರಿಯಲ್ಲಿ ಸಿಕ್ಕ ಕ್ಲೆನ್‌ಬ್ಯುಟೆರಾಲ್ ಪ್ರತಿ ಮಿ.ಲೀ.ಗೆ 50 ಪಿಕೊಗ್ರಾಂ. ಬೇಸಿಗೆಯಲ್ಲಿ ಪಾವಗಡದ ಬೀದಿಗೆ ಬರುವ ಐದು ಸಾವಿರ ಲೀಟರಿನ ನೀರಿನ ಟ್ಯಾಂಕರುಗಳನ್ನು ನೆನೆಸಿಕೊಳ್ಳಿ. ಅಂಥ ನಾಲ್ಕು ಸಾವಿರ ಟ್ಯಾಂಕರ್ ನೀರಿನಲ್ಲಿ ಒಂದೇ ಒಂದು ಗ್ರಾಂ ಪುಡಿ ಕರಗಿಸಿದರೆ ಆಗುವ ಸಾಂದ್ರತೆ ಅದು. ಪ್ರಯೋಗಾಲಯ ಅದನ್ನು ಹುಡುಕಿತು, ಕೊಂಟಾಡೋರ್ ಪ್ರಶಸ್ತಿ ಕಳೆದುಕೊಂಡರು.

ಇಷ್ಟಕ್ಕೇ ಮುಗಿಯಲಿಲ್ಲ. ಪರೀಕ್ಷಾ ಪಟ್ಟಿಯಲ್ಲಿರುವ ಆಟಗಾರರು ಮುಂದಿನ ಮೂರು ತಿಂಗಳ ಪ್ರತಿ ದಿನ ಎಲ್ಲಿ ಮಲಗುತ್ತೇನೆ, ಎಲ್ಲಿ ಅಭ್ಯಾಸ ಮಾಡುತ್ತೇನೆ ಎಂದು ಮೊದಲೇ ಬರೆದುಕೊಡಬೇಕು. ದಿನಕ್ಕೆ 60 ನಿಮಿಷ ಹೇಳಿದ ಜಾಗದಲ್ಲಿ ಸಿಗಲೇಬೇಕು. ವರ್ಷಕ್ಕೆ 365 ಗಂಟೆ. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಒಂದು ಹನಿ ಮದ್ದು ಮುಟ್ಟದಿದ್ದರೂ ಎರಡು ವರ್ಷದವರೆಗೆ ನಿಷೇಧ. ಇಂಥ ಬಿಗಿ ಬೇಕೇ ಬೇಕು. 2024ರಲ್ಲಿ ಭಾರತದ 7,113 ಮಾದರಿಗಳಲ್ಲಿ 260 ಸಿಕ್ಕಿಬಿದ್ದವು, ನೂರಕ್ಕೆ 3.6. ಅದೇ ವರ್ಷ ಚೀನಾ 24 ಸಾವಿರಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದಾಗ ಸಿಕ್ಕವು 43. ಆಟಗಾರರ ಮೇಲೆ ಕಣ್ಣಿಡಬಾರದು ಎಂದು ಈ ಅಂಕಿಗಳನ್ನು ನೋಡಿದ ಯಾರೂ ಹೇಳಲಾರರು. ಪ್ರಶ್ನೆ ಬೇರೆಯದು. ಓಡುವವಳ ರಕ್ತ, ಮೂತ್ರ, ತೂಕ, ಮಲಗುವ ಕೋಣೆ ಎಲ್ಲಕ್ಕೂ ಲೆಕ್ಕ ಕೇಳುವ ವ್ಯವಸ್ಥೆ, ಓಡಿಸುವವರ ಲೆಕ್ಕ ಪುಸ್ತಕದ ಮುಂದೆ ಬಂದಾಗ ಯಾಕೆ ಕನ್ನಡಕ ತೆಗೆದಿಡುತ್ತದೆ?

ಆಡಳಿತಗಾರರ ತಪ್ಪಿಗೆ ಶಿಕ್ಷೆ ಬೀಳುವುದೂ ಆಟಗಾರರಿಗೇ. 2012ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು ಅಮಾನತು ಮಾಡಿತು. ಹದಿನಾಲ್ಕು ತಿಂಗಳ ಆ ಅವಧಿಯ ಕೊನೆಗೆ, 2014ರ ಫೆಬ್ರುವರಿಯಲ್ಲಿ, ಸೋಚಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಭಾರತದ ಮೂವರು ಕ್ರೀಡಾಪಟುಗಳು ತ್ರಿವರ್ಣ ಬಿಟ್ಟು ಐದು ಉಂಗುರದ ಬಾವುಟದ ಹಿಂದೆ ನಡೆದರು. ಚುನಾವಣೆ ನಡೆಸದೆ ಕುರ್ಚಿಯಲ್ಲಿ ಮುಂದುವರಿದವರ ಕಾರಣಕ್ಕೆ ಕೋರ್ಟು ಆಡಳಿತಗಾರರನ್ನು ನೇಮಿಸಿತು, ಅದನ್ನೇ ಹೊರಗಿನವರ ಹಸ್ತಕ್ಷೇಪ ಎಂದು ಫಿಫಾ 2022ರ ಆಗಸ್ಟ್‌ನಲ್ಲಿ ಭಾರತದ ಫುಟ್‌ಬಾಲ್ ಸಂಸ್ಥೆಯನ್ನು ಅಮಾನತು ಮಾಡಿತು. ಅದು ಇದ್ದದ್ದು ಹನ್ನೊಂದು ದಿನ ಅಷ್ಟೇ. ಆ ಹನ್ನೊಂದು ದಿನದಲ್ಲೇ ಗೋಕುಲಂ ಕೇರಳ ಮಹಿಳಾ ತಂಡ ಏಷ್ಯಾದ ಕ್ಲಬ್ ಟೂರ್ನಿಗೆಂದು ಉಜ್ಬೇಕಿಸ್ತಾನದಲ್ಲಿ ಇಳಿದಿತ್ತು. ಒಂದು ಪಂದ್ಯವೂ ಆಡದೆ ವಾಪಸ್ ವಿಮಾನ ಹತ್ತಿದರು. ದೇಶದ ಕೋರ್ಟುಗಳಲ್ಲಿ ಕ್ರೀಡಾ ಸಂಸ್ಥೆಗಳಿಗೆ ಸಂಬಂಧಿಸಿದ 350ಕ್ಕೂ ಹೆಚ್ಚು ಮೊಕದ್ದಮೆ ಇವೆ ಎಂದು 2025ರಲ್ಲಿ ಕ್ರೀಡಾ ಸಚಿವರೇ ಹೇಳಿದರು. ಓಟಗಾರ್ತಿಯ ಉತ್ತಮ ವರ್ಷಗಳು ಏಳೋ ಎಂಟೋ. ಒಂದು ಮೊಕದ್ದಮೆ ಅಷ್ಟನ್ನೂ ನುಂಗಬಲ್ಲದು.

ಬೆಲೆ ತೆತ್ತವರು ಆಟಗಾರರಷ್ಟೇ ಅಲ್ಲ. 2025ರ ಜೂನ್ 4ರಂದು ಆರ್‌ಸಿಬಿಯ ಐಪಿಎಲ್ ಗೆಲುವಿನ ಸಂಭ್ರಮಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ್ದು ಸರ್ಕಾರದ ಮಾತಿನಲ್ಲೇ ಎರಡು-ಮೂರು ಲಕ್ಷ ಜನ. ಒಳಗೆ ಹಿಡಿಸುವುದು 35 ಸಾವಿರ. ಗೇಟಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ತಂಡ ಒಂದು ಖಾಸಗಿ ಫ್ರಾಂಚೈಸಿ, ಕ್ರೀಡಾಂಗಣ ನಡೆಸುವುದು ನೋಂದಾಯಿತ ಸಂಘ, ವ್ಯವಸ್ಥೆಗೆ ಒಂದು ಈವೆಂಟ್ ಕಂಪನಿ, ಬಂದೋಬಸ್ತಿಗೆ ಪೊಲೀಸರು. ಗೃಹ ಖಾತೆ ಇದ್ದದ್ದು ಕೊರಟಗೆರೆಯ ಶಾಸಕರ ಬಳಿಯೇ. ಮರುದಿನದಿಂದ ನಗರ ಪೊಲೀಸ್ ಆಯುಕ್ತರೂ ಸೇರಿ ಅಧಿಕಾರಿಗಳ ಅಮಾನತು, ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ ಮತ್ತು ಖಜಾಂಚಿಯ ರಾಜೀನಾಮೆ, ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಹೈಕೋರ್ಟಿನ ಸ್ವಯಂಪ್ರೇರಿತ ಪ್ರಕರಣ ಒಂದರ ಹಿಂದೊಂದು ಬಂದವು. ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಅದೇ ವರ್ಷ ಬೆಂಗಳೂರಿಗೆ ನಿಗದಿಯಾಗಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು. ಭಾರತದ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಎತ್ತಿದ್ದು ಆ ಊರಿನಲ್ಲಿ. ಹೊಣೆ ಯಾರದೆಂದು ಮೊದಲೇ ಬರೆದಿಡದ ಆಡಳಿತಕ್ಕೆ ತಗಲುವ ವೆಚ್ಚವನ್ನು ಕೋಟಿಗಳಲ್ಲಿ ಎಣಿಸಲಾಗದು.

ಇದೆಲ್ಲದರ ನಡುವೆ 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸು ಮಾಡಿತು. 18ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಇನ್ನು ಮುಂದೆ ರಾಷ್ಟ್ರೀಯ ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಜನರಿರುವಂತಿಲ್ಲ. ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಕನಿಷ್ಠ ಇಬ್ಬರು ಸಾಧಕ ಕ್ರೀಡಾಪಟುಗಳು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗೆ ಸತತ ಮೂರು ಅವಧಿ, ಅಂದರೆ ಹನ್ನೆರಡು ವರ್ಷ. ವಯಸ್ಸಿನ ಮಿತಿ 70, ಅಂತರರಾಷ್ಟ್ರೀಯ ನಿಯಮ ಒಪ್ಪಿದರೆ 75. ಮಾನ್ಯತೆ ಕೊಡಲು ಮಂಡಳಿ, ವ್ಯಾಜ್ಯಕ್ಕೆ ನ್ಯಾಯಮಂಡಳಿ, ಚುನಾವಣೆಗೆ ಪ್ರತ್ಯೇಕ ತಂಡ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಬರುತ್ತಿರುವುದರಿಂದ ಬಿಸಿಸಿಐ ಕೂಡ ಇದರೊಳಗೆ.

ಹದಿನೈದರಲ್ಲಿ ಇಬ್ಬರು ಆಟಗಾರರು ಎಂದರೆ ಉಳಿದ ಹದಿಮೂರು ಯಾರು ಎಂದು ಕೇಳಬೇಡಿ. ಕೇಳಬೇಕಾದ ಇನ್ನೊಂದು ಮಾತಿದೆ. ಮಸೂದೆಯ ಮೊದಲ ರೂಪದಲ್ಲಿ ಮಾನ್ಯತೆ ಪಡೆದ ಎಲ್ಲ ಕ್ರೀಡಾ ಸಂಸ್ಥೆಗಳೂ ಮಾಹಿತಿ ಹಕ್ಕಿನಡಿ ಬರುತ್ತಿದ್ದವು. ಆಮೇಲೆ ಒಂದು ತಿದ್ದುಪಡಿ ಬಂದು, ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೆ ಮಾತ್ರ, ಆ ಅನುದಾನದ ಮಟ್ಟಿಗೆ ಮಾತ್ರ ಎಂದಾಯಿತು. ಬಿಸಿಸಿಐ ಅನುದಾನ ಪಡೆಯುವುದಿಲ್ಲ. ಹೀಗಾಗಿ 400 ಕೋಟಿಯನ್ನು ಹಂಚಿಕೊಂಡು ತಿನ್ನುವ ಬಡ ಫೆಡರೇಷನ್‌ಗಳು ಪ್ರಶ್ನೆಗೆ ಉತ್ತರ ಕೊಡಬೇಕು, 48,390 ಕೋಟಿಯ ಸಂಘ ಕೊಡಬೇಕಾಗಿಲ್ಲ. 2018ರಲ್ಲೇ ಕಾನೂನು ಆಯೋಗ ತನ್ನ 275ನೇ ವರದಿಯಲ್ಲಿ ಬಿಸಿಸಿಐಯನ್ನು ಮಾಹಿತಿ ಹಕ್ಕಿನಡಿ ತರಬೇಕು ಎಂದಿತ್ತು. ಆ ಸಲಹೆಯ ಬೆನ್ನಿಗೆ ಹೊಸ ಕಾಯ್ದೆ ನಿಲ್ಲಲಿಲ್ಲ.

ದೆಹಲಿಯ ಬಾಗಿಲು ಅರ್ಧ ಮುಚ್ಚಿದೆ ಎಂದು ಕೊರಟಗೆರೆಯವರು ಕೈಕಟ್ಟಿ ಕೂರಬೇಕಾಗಿಲ್ಲ. ಕರ್ನಾಟಕದ ಸಂಘಗಳ ಕಾಯ್ದೆಯಲ್ಲಿ ಯಾರೂ ಅಷ್ಟಾಗಿ ತಿರುವಿ ನೋಡದ ಒಂದು ಕಟ್ಟುಪಾಡಿದೆ. ನೋಂದಾಯಿತ ಸಂಘ ಪ್ರತಿ ವರ್ಷ ತನ್ನ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆ ಕಚೇರಿ ಸರ್ಕಾರದ್ದು, ಮಾಹಿತಿ ಹಕ್ಕಿಗೆ ಒಳಪಟ್ಟದ್ದು. ಸಂಘವನ್ನು ಕೇಳಲಾಗದಿದ್ದರೆ ಸಂಘ ಸಲ್ಲಿಸಿದ ಕಡತವನ್ನು ಕೇಳಬಹುದು, ಸಲ್ಲಿಸದಿದ್ದರೆ ಏಕೆ ಸಲ್ಲಿಸಿಲ್ಲ ಎಂದೂ ಕೇಳಬಹುದು. ಜಿಲ್ಲೆಯ ಕಬಡ್ಡಿ, ಕೊಕ್ಕೊ, ಅಥ್ಲೆಟಿಕ್ಸ್ ಸಂಘಗಳಲ್ಲಿ ನೋಂದಣಿಯಾದವು ಯಾವುವು, ಕೊನೆಯ ಲೆಕ್ಕ ಕೊಟ್ಟದ್ದು ಯಾವ ವರ್ಷ, ಪದಾಧಿಕಾರಿಗಳು ಬದಲಾದದ್ದು ಯಾವಾಗ, ಅವರಲ್ಲಿ ಕೊರಟಗೆರೆಯವರು, ಪಾವಗಡದವರು ಎಷ್ಟು ಜನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿಗೆ 150 ಪದದ ಮಿತಿ, ಶುಲ್ಕ 10 ರೂಪಾಯಿ. ಇಷ್ಟು ಪ್ರಶ್ನೆಗೆ 50 ಪದ ಸಾಕು. ಉಳಿದ ನೂರು ಪದಗಳನ್ನು ಮುಂದಿನ ವರ್ಷದ ಅರ್ಜಿಗೆ ಇಟ್ಟುಕೊಳ್ಳಬಹುದು, ಏಕೆಂದರೆ ಈ ಲೆಕ್ಕ ಪ್ರತಿ ವರ್ಷ ಕೇಳಬೇಕಾದದ್ದು.